ಸಡಿಲ ಬಿಟ್ಟ ಸ್ಕ್ರೂ

೨ ಸೆಪ್ಟೆಂಬರ್ ೨೦೧೨, ಭಾನುವಾರ
ಮತ್ತೆ ಜಾಲಹಳ್ಳಿಯ ವಿಡಿಯೋ ಗೇಮ್ ಪಾರ್ಲರ್. ಹನ್ನೊಂದು ಫೈಟ್ ಗೆದ್ದೆ, ಎರಡು ಸೋತೆ. ಪ್ಯಾಡ್ ಬದಲು ನಾನು ಆಡುವ ಬಟನ್ ಬಾಕ್ಸ್ ನೋಡಿ ಎಲ್ಲರಿಗೂ ಹೊಟ್ಟೆಯುರಿ. ನಾನೇ ಕಟ್ಟಿದ್ದು — ಹಳೇ ಪ್ಯಾಡ್ ಬಿಚ್ಚಿ, ಅದರ ಬೋರ್ಡಿನಿಂದ ವೈರ್ ಎಳೆದು, ಕಂಟ್ರೋಲ್ ಪ್ಯಾನೆಲ್‌ಗೆ ಹಾಕುವ ಪುಶ್ ಬಟನ್ ಕೂರಿಸಿದ್ದು. ಗುದ್ದುವುದಕ್ಕೆ ಹಸಿರು, ಒದೆಯುವುದಕ್ಕೆ ಕೆಂಪು. ಪೀಣ್ಯದ ಫ್ಯಾಕ್ಟರಿಯಲ್ಲಿ ಐದು ವರ್ಷ ಪ್ಯಾನೆಲ್ ವೈರಿಂಗ್ ಮಾಡಿದವನಿಗೆ ಇದೇನು ಮಹಾ.

ಮೂವತ್ತಕ್ಕೆ ಟೂರ್ನಮೆಂಟ್. ಬಸಲಿಂಗನೂ ಹೆಸರು ಕೊಟ್ಟಿದ್ದಾನೆ. ಕೊಡಲಿ. ಎಲ್ಲರ ಎದುರು ಹೊಡೆಯಬೇಕು ಅವನನ್ನು. ಸ್ಕ್ರೀನ್ ಮೇಲಾದರೂ.

೫ ಸೆಪ್ಟೆಂಬರ್
ಯಾಕೆಂದು ಬರೆದಿಡುತ್ತೇನೆ. ಸಿಟ್ಟು ಆರಬಾರದು.

ಪರ್ಮನೆಂಟ್ ಆಗಬೇಕಿದ್ದವನು ನಾನು. ಏಪ್ರಿಲ್‌ನಲ್ಲಿ ಲಿಸ್ಟ್ ಬಂತು — ಬಸಲಿಂಗ. ನಾನಿನ್ನೂ ಕಾಂಟ್ರ್ಯಾಕ್ಟ್. ಜ್ವರ ಅಂತ ರಜೆ ಹಾಕಿ ಆಡಲು ಹೋಗಿದ್ದೆ, ನಿಜ. ಅದು ಗೊತ್ತಿದ್ದದ್ದು ನನ್ನ ರೂಮ್‌ಮೇಟ್ ಬಸಲಿಂಗ ಒಬ್ಬನಿಗೇ. ಅವನೇ ಹೋಗಿ ಸೂಪರ್‌ವೈಸರ್ ಹನುಮಂತಯ್ಯನವರ ಕಿವಿಗೆ ಹಾಕಿದ. ಕ್ಯಾಂಟೀನಿನ ಮಹಾಂತಮ್ಮ ಕೇಳಿಸಿಕೊಂಡಿದ್ದಳಂತೆ. ಹೋದ ವಾರ ಹೇಳಿದಳು. "ಅವ್ನ ನಂಬಬ್ಯಾಡಪ್ಪ."

ಉಂಡ ಮನೆಗೆ ಎರಡು ಬಗೆಯುವವನು. ಚಿಕ್ಕಬಾಣಾವರದ ಒಂದೇ ರೂಮಿನಲ್ಲಿ ಮಲಗುತ್ತೇವೆ. ನಾನು ಬಡಿದ ರೊಟ್ಟಿ ತಿನ್ನುತ್ತಾನೆ. ನನಗೆ ಗೊತ್ತಾಗಿದೆ ಅಂತ ಅವನಿಗೆ ಗೊತ್ತಿಲ್ಲ.

೧೬ ಸೆಪ್ಟೆಂಬರ್, ಭಾನುವಾರ
ಪ್ರಾಕ್ಟೀಸ್‌ನಲ್ಲಿ ಅವನ ಕೈಲಿ ಸೋತೆ. ಬರೀ ಪ್ಯಾಡ್‌ನಲ್ಲಿ ಆಡಿ ಸೋಲಿಸಿದ! ಮೈಯೆಲ್ಲಾ ಉರಿಯಿತು. ಬರುವಾಗ ಹೆಗಲ ಮೇಲೆ ಕೈ ಹಾಕಿದ. "ಲೇ ಕೊಟ್ರೇಶಿ, ನಂಗೂ ಒಂದು ಬಾಕ್ಸ್ ಮಾಡಿಕೊಡಲೇ. ನಿನ್ ಕೆಲ್ಸ ಅಂದ್ರ ಕೆಲ್ಸ."

"ಆತು" ಅಂದೆ. ಯಾವ ಕೆಲಸವನ್ನೂ ಇಷ್ಟು ಖುಷಿಯಿಂದ ಒಪ್ಪಿಕೊಂಡಿದ್ದು ನೆನಪಿಲ್ಲ.

೨೬ ಸೆಪ್ಟೆಂಬರ್
ಬಾಕ್ಸ್ ರೆಡಿ. ಕೆಂಪು ಬಟನ್ನಿನ ಒಂದು ಸ್ಕ್ರೂ ಮಾತ್ರ ಸಡಿಲ. ಮೂರು ನಾಲ್ಕು ಫೈಟ್ ತಡೆಯುತ್ತದೆ. ಆಮೇಲೆ ಜೋರಾಗಿ ಕುಟ್ಟಿದರೆ ವೈರ್ ಕಳಚುತ್ತದೆ. ಬಸಲಿಂಗ ಕುಟ್ಟುವವನೇ. ಒದೆಯಲು ಹೋಗಿ ಕಂಬದ ಹಾಗೆ ನಿಲ್ಲಲಿ. ಜನ ನಗಲಿ.

ಸಡಿಲ ಕೆಲಸ ನನ್ನ ಕೈಯಿಂದ ಹೊರಗೆ ಹೋಗುತ್ತಿರುವುದು ಇದೇ ಮೊದಲು... ಇರಲಿ.

೩೦ ಸೆಪ್ಟೆಂಬರ್, ಮಧ್ಯಾಹ್ನ ೧
ಫೈನಲ್‌ಗೆ ಬಂದೆ. ಅವನೂ. ವೈರ್ ಇನ್ನೂ ಹಿಡಿದುಕೊಂಡಿದೆ. ಇನ್ನು ಹತ್ತು ಒದೆ ಸಾಕು. ಕೊಟ್ಟೂರಯ್ಯಾ, ನನ್ನ ದೇವರೇ — ಇಂಥದ್ದಕ್ಕೆಲ್ಲ ನಿನ್ನನ್ನು ಕರೆಯಬಾರದು. ಆದರೂ.

ಸಂಜೆ ೬
ಸೋತೆ.

ಫೈನಲ್‌ಗೆ ಮುಂಚೆ ಪಾರ್ಲರ್ ಓನರ್ ಮುತ್ತಣ್ಣ ಎರಡೂ ಬಾಕ್ಸ್ ಬಿಚ್ಚಿಸಿದ. ಒಳಗೆ ಕಳ್ಳ ಸರ್ಕ್ಯೂಟ್ ಇದೆಯಾ ಅಂತ ಚೆಕಿಂಗ್. ನೋಡಿ, "ಮಾಡ್ದೋರೇ ಮುಚ್ಬಿಡಿ ಗುರು" ಅಂತ ಸ್ಕ್ರೂಡ್ರೈವರ್ ನನ್ನ ಕೈಗಿಟ್ಟ. ಹನುಮಂತಯ್ಯ ತಲೆಗೆ ಮೊಟಕಿ ಕಲಿಸಿದ್ದು: ಮುಚ್ಚುವ ಮುಂಚೆ ಪ್ರತಿ ಸ್ಕ್ರೂ ಬಿಗಿ ಮಾಡು, ವೈರ್ ಎಳೆದು ನೋಡು, ಬಿಗಿಯಾದ ಗುರುತಿಗೆ ಮಾರ್ಕರ್‌ನಲ್ಲಿ ಗೆರೆ ಹಾಕು. ದಿನಕ್ಕೆ ಇನ್ನೂರು ಸಲ ಮಾಡುವ ಕೆಲಸ. ಮಾರ್ಕರ್ ಮುಚ್ಚಳ ಹಲ್ಲಿನಲ್ಲಿ ಕಚ್ಚಿಕೊಂಡಿದ್ದಾಗ ಎಚ್ಚರವಾಯಿತು. ಎಲ್ಲ ಸ್ಕ್ರೂ ಮೇಲೂ ಗೆರೆ ಬಿದ್ದಿತ್ತು. ಕೆಂಪು ಬಟನ್ನಿನದರ ಮೇಲೂ. ಮತ್ತೆ ಸಡಿಲಿಸೋಣವೆಂದರೆ ಬಸಲಿಂಗ ಪಕ್ಕದಲ್ಲೇ ನಿಂತಿದ್ದ.

ಮೂರು–ಎರಡು. ಕೊನೆಗೆ ಒದ್ದೇ ಬೀಳಿಸಿದ, ಬಡ್ಡೀಮಗ.

ಮೈಕ್ ಹಿಡಿದು ಅಂದ: "ಈ ಬಾಕ್ಸ್ ಕಟ್ಟಿದ್ದು ನಮ್ ಕೊಟ್ರೇಶಿ. ಪೀಣ್ಯದಾಗ ಇವನಂಥ ವೈರ್‌ಮನ್ ಇಲ್ಲ." ಚಪ್ಪಾಳೆ. ಕೆನ್ನೆಗೆ ಬಾರಿಸಿದ ಹಾಗಾಯಿತು.

ದಾರಿಯಲ್ಲಿ ನಿಂತ. ನನ್ನ ಮುಖ ನೋಡಲಿಲ್ಲ. "ಈ ಮಾತು ಏಪ್ರಿಲ್‌ನಾಗ ಸಾಹೇಬ್ರ ಮುಂದ ಹೇಳಬೇಕಿತ್ತಲೇ. ನಾ ಬ್ಯಾರೇನ ಹೇಳಿದೆ."

"ಗೊತ್ತು."

"ಗೊತ್ತಿದ್ದೂ ಕಟ್ಟಿಕೊಟ್ಟಿ?"

ಅತ್ತುಬಿಟ್ಟ. ರಸ್ತೆಯಲ್ಲೇ. ನಾಳೆ ಹನುಮಂತಯ್ಯನವರ ಹತ್ತಿರ ಹೋಗಿ ಎಲ್ಲ ಹೇಳುತ್ತಾನಂತೆ, ನನ್ನ ದೊಡ್ಡ ಮನಸ್ಸಿನ ಬಗ್ಗೆಯೂ. ನಾನವನನ್ನು ಕ್ಷಮಿಸಿಲ್ಲ. ಒಂದು ಚೂರೂ ಇಲ್ಲ. ಆದರೆ ಆ ದೊಡ್ಡ ಮನಸ್ಸಿನ ಮಾತು ಮಾತ್ರ ಹೇಳಬೇಡ ಅನ್ನಬೇಕು. ಯಾಕೆ ಅಂತ ಕೇಳಿದರೆ—