ಒಂದು ಸುತ್ತು ಮೇಲಕ್ಕೆ

ನವೆಂಬರ್ 19, ಬೆಳಿಗ್ಗೆ

ಇಪ್ಪತ್ತು ತೋಟಾ ತುಂಬಿಸಿದೆ. ತೋಟಾ ಒತ್ತುವ ಪ್ರೆಸ್‌ನಲ್ಲಿ ಗುಂಡು ಕೂರಿಸುವ ತಿರುಪಿನ ಅಚ್ಚು, ಡೈ, ಕೂತೇ ಇತ್ತು, ಹೋದ ತಿಂಗಳು ಗುರಿ ನೋಡಿದ ಅಳತೆಗೇ. ಗುಂಡು ಎಷ್ಟು ಒಳಗೆ ಕೂರಬೇಕೋ ಅಷ್ಟು. ಹಿತ್ತಾಳೆ ಚಿಪ್ಪಿನ ಬಾಯಿ ಅದನ್ನು ಕಚ್ಚಿ ಹಿಡಿಯೋಕೆ ಒಂಚೂರು ಒತ್ತು, ಕ್ರಿಂಪ್. ಅಪ್ಪ ಕಲಿಸಿದ್ದು.

ಮೊನ್ನೆ ಊಟಕ್ಕೆ ಬಂದ ಮೈದುನ ವರ್ಲಿನ್‌ದು ಮತ್ತೆ ಅದೇ ರಾಗ. "ಕ್ರಿಂಪ್ ಎಲ್ಲಾ ಅಜ್ಜಂದಿರ ಕಾಲದ್ದು, ಆರ್ಡಿತ್. ಗುಂಡು ಮುಂದಕ್ಕೆ ಕೂರ್ಸು, ನಳಿಗೆ ಒಳಗಿನ ಸುರುಳಿ ಗೆರೆಗೆ ತಾಕ್ಬೇಕು. ಐದಕ್ಕೈದೂ ಒಂದೇ ತೂತಲ್ಲಿ ಹೋಗ್ತವೆ!" ಕಾಗದಕ್ಕೆ ಹೊಡೆಯೋನು. ಬೆಟ್ಟ ಹತ್ತಿದವನಲ್ಲ. ನನ್ನ ಗಂಡ ಎಲ್ಡನ್ ಬಾಯಿ ಬಿಟ್ಕೊಂಡು ಕೇಳುತ್ತಿದ್ದ.

ಬಿಗ್‌ಹಾರ್ನ್ ಕಾಡುಟಗರಿನ ಬೇಟೆ ಪರ್ಮಿಟ್. ಇಪ್ಪತ್ತಾರು ವರ್ಷ ಅರ್ಜಿ ಹಾಕಿದ ಮೇಲೆ ಲಾಟರಿಯಲ್ಲಿ ನನ್ನ ಹೆಸರು ಬಂದಿದೆ. ನನ್ನ ವಯಸ್ಸಿಗೆ ಇನ್ನೊಂದು ಸಿಕ್ಕಲ್ಲ.

ನವೆಂಬರ್ 23, ಸಂಜೆ

ಇವತ್ತು ಬೆಟ್ಟ ಹತ್ತಿದೆ. ಒಬ್ಬಳೇ.

ಬೆಳಿಗ್ಗೆ ತೋಟಾ ಹಾಕುವಾಗಲೇ ಬಂದೂಕಿನ ಬೋಲ್ಟ್ ಬಿಗಿ ಅನಿಸಿತ್ತು. ಚಳಿಗೆ ಅಂದುಕೊಂಡೆ. ಬೇಲಿ ದಾಟುವ ಮುಂಚೆ ಬಂದೂಕು ಖಾಲಿ ಮಾಡಬೇಕು, ಮಾಡಿದೆ. ಬೋಲ್ಟ್ ಎಳೆದರೆ ಬರೀ ಚಿಪ್ಪು ಬಂತು. ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿತು. ಮದ್ದೆಲ್ಲ ಟ್ರಿಗರ್ ಒಳಗೆ ಚೆಲ್ಲಿ ಬಂದೂಕು ಕೆಲಸಕ್ಕೆ ಬಾರದಾಯಿತು. ತಲೆ ಎತ್ತಿದರೆ... ಟಗರು. ಪೂರ್ತಿ ಸುರುಳಿ ಕೊಂಬು. ನನ್ನನ್ನೇ ನೋಡಿತು, ಮೂತ್ರ ಹೊಯ್ದಿತು, ನಿಧಾನಕ್ಕೆ ಹೋಯಿತು.

ಅತ್ತುಬಿಟ್ಟೆ. ಬೇಲಿ ಹಿಡ್ಕೊಂಡು ಅತ್ತೆ.

ನವೆಂಬರ್ 24

ಡೈ ನೋಡಿದೆ. ಡೈಗೂ ಪ್ರೆಸ್‌ಗೂ ಸೇರಿಸಿ ನೈಲ್ ಪಾಲಿಶ್‌ನಲ್ಲಿ ನಾನೆಳೆದ ಕೆಂಪು ಗೆರೆ ನಡುವೆ ಕಡಿದಿದೆ, ಡೈ ಕಡೆಯ ತುಂಡು ಒಂದು ತಿರುಪಿನಷ್ಟು ಮೇಲಿದೆ. ಯಾರೋ ಇಡೀ ಡೈಯನ್ನೇ ಒಂದು ಸುತ್ತು ಮೇಲೆತ್ತಿದ್ದಾರೆ. ಗುಂಡು ಮುಂದಕ್ಕೆ ಬಂದಿದೆ, ಕ್ರಿಂಪ್ ಮಾಯ, ಅದಕ್ಕೇ ಅದು ನಳಿಗೆಗೆ ಸಿಕ್ಕಿ ಚಿಪ್ಪು ಬಿಟ್ಟಿದ್ದು. ಹತ್ತೊಂಬತ್ತನೇ ತಾರೀಕು ಗೆರೆಯ ಕಡೆ ಕಣ್ಣೂ ಹಾಯಿಸಲಿಲ್ಲ, ದಡ್ಡಿ.

ವರ್ಲಿನ್‌ಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ.

"ನಾನು ಮುಟ್ಟಿಲ್ಲ ಕಣೇ!"

"ಹಾಗಾದ್ರೆ ದೆವ್ವ ಬಂದು ತಿರುಗಿಸ್ತಾ? ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟಕ್ಕೆ ನನ್ನ ಮನೆ ಮೆಟ್ಟಿಲು ಹತ್ತಬೇಡ!"

ಎಲ್ಡನ್ ಸಿಂಕ್ ಹತ್ತಿರ ಒಂದೇ ಕಪ್ಪನ್ನು ತೊಳೀತಾನೇ ಇದ್ದ.

ನವೆಂಬರ್ 27, ಥ್ಯಾಂಕ್ಸ್‌ಗಿವಿಂಗ್

ಟರ್ಕಿ ಕೋಳಿ ಕೊಯ್ಯುತ್ತಿದ್ದ ಎಲ್ಡನ್ ಚಾಕು ಕೆಳಗಿಟ್ಟ. "ನಾನೇ ತಿರುಗ್ಸಿದ್ದು."

"ಏನು?"

"ವರ್ಲಿನ್ ಹೇಳಿದ್ನಲ್ಲ... ನಿಂಗೆ ಸಿಗೋದು ಒಂದೇ ಟಗರು. ಗುರಿ ತಪ್ಪಬಾರ್ದು ಅಂತ."

"ಮತ್ತೆ ಇಷ್ಟು ದಿನ ಬಾಯಿ ಹೊಲ್ಕೊಂಡಿದ್ಯಾ? ನಾನು ಅವನ ಜನ್ಮ ಜಾಲಾಡೋದನ್ನ ಕೇಳ್ಕೊಂಡು ಕಪ್ ತೊಳೀತಿದ್ಯಲ್ಲೋ!"

"ಹೆದ್ರಿಕೆ ಆಯ್ತು, ಆರ್ಡಿ."

ತಿರುಗಿಸಿದ್ದಕ್ಕಿಂತ ಸುಮ್ಮನಿದ್ದದ್ದೇ ಉರಿಯುತ್ತಿದೆ. ವರ್ಲಿನ್‌ಗೆ ಫೋನ್ ಮಾಡಿ ತಪ್ಪಾಯ್ತು ಅನ್ನಬೇಕಾಯ್ತು. ನಕ್ಕುಬಿಟ್ಟ. "ನನ್ನ ಪಾಲಿನ ಪೈ ಎತ್ತಿಡು." ಅದಕ್ಕೂ ಸಿಟ್ಟು ಬಂತು.

ನವೆಂಬರ್ 30, ಬೆಳಗಿನ ಐದು

ಪರ್ಮಿಟ್‌ನ ಕೊನೆಯ ದಿನ. ನಳಿಗೆಯ ಗುಂಡನ್ನು ಸರಳು ಹಾಕಿ ಹೊರಗೆ ತಳ್ಳಿದೆ, ಟ್ರಿಗರ್ ತೊಳೆದೆ. ಹೊಸ ತೋಟಾ ನಿನ್ನೆ ತುಂಬಿಸಿದೆ, ಹಳೇ ಅಳತೆ, ಕ್ರಿಂಪ್ ಸಮೇತ.

ಈಗ ನೋಡಿದರೆ ಡೈ ಮೇಲೆ ಇನ್ನೊಂದು ಕೆಂಪು ಗೆರೆ. ನನ್ನ ಗೆರೆಯ ಮೇಲೇ, ಬೆರಳು ದಪ್ಪ, ಸೊಟ್ಟಗೆ. ಪಾಲಿಶ್ ಸೀಸೆ ಖಾಲಿ.

"ನಾನೂ ಬರ್ತೀನಿ, ಸಾಮಾನು ಹೊರ್ತೀನಿ" ಅಂದ ಎಲ್ಡನ್. ಆ ನೋಯೋ ಮಂಡಿ ಇಟ್ಕೊಂಡು! ಬೇಡ ಅಂದೆ. ಆದರೂ ಹೊರಗೆ ಟ್ರಕ್ ಶುರುಮಾಡಿ ಕೂತಿದ್ದಾನೆ.

ಸಿಟ್ಟು ಇಳಿದಿಲ್ಲ. ಇಳಿಯೋದೂ ಇಲ್ಲ. ದಾರಿಯುದ್ದಕ್ಕೂ ಮಾತಾಡಲ್ಲ. ಆದರೆ ಬೇಲಿ ದಾಟುವಾಗ ಬಂದೂಕು ಹಿಡ್ಕೊಳ್ಳೋಕೆ ಆಚೆ ಒಬ್ಬರು ಬೇಕಲ್ಲ, ಅವನ ಕೈಗೇ ಕೊಡ್ತೀನಿ.