ಹೆರದೆ ಬಂದ ಹಾಲು

ಉಮಾ ಅತ್ತಿಗೆ,

ನೀವು ಇದನ್ನು ಓದುವುದಿಲ್ಲ, ಗೊತ್ತು. ಆದರೆ ತಲೆ ಕೆಟ್ಟುಹೋಗಿದೆ, ಬರೆಯದೆ ಆಗುವುದಿಲ್ಲ.

ನಮ್ಮ ನರ್ಸಿಂಗ್ ಕ್ಲಾಸಿನಲ್ಲಿ ಪ್ರೊಲ್ಯಾಕ್ಟಿನ್ ಪಾಠ ಆಯಿತು. ಎದೆಹಾಲು ಬರಿಸುವ ಹಾರ್ಮೋನ್ ಅದು. ಬಸಿರಿಲ್ಲದೆಯೂ ಕೆಲವರಿಗೆ ಜಾಸ್ತಿಯಾಗುತ್ತದಂತೆ, ಕೆಲವೊಮ್ಮೆ ತಲೆಯೊಳಗಿನ ಸಣ್ಣ ಗಡ್ಡೆಯಿಂದ. ಮುಟ್ಟು ತಪ್ಪುತ್ತದೆ, ಮಕ್ಕಳಾಗುವುದಿಲ್ಲ, ಹೆರದೆಯೇ ಹಾಲು ಬರುತ್ತದೆ. ಎಕ್ಸಾಕ್ಟ್ಲಿ ನಿಮ್ಮ ಹಾಗೆ!

ಶನಿವಾರ ಶಿರಾಲಿಗೆ, ಮನೆಗೆ ಹೋದವಳೇ ಅಮ್ಮನಿಗೆ ಹೇಳಿದೆ. ಮೀನು ಕೊಯ್ಯುತ್ತಿದ್ದ ಅಮ್ಮ ತಲೆಯೆತ್ತಲಿಲ್ಲ.

“ಹೆರದೇ ಹಾಲು ಬತ್ತದೆ ಅಂತ ನಿಮ್ಮ ಮೇಡಂ ಹೇಳಿದ್ರಾ?”

“ಬ್ಲಡ್ ಟೆಸ್ಟಲ್ಲಿ ಗೊತ್ತಾಗ್ತದೆ ಅಮ್ಮಾ. ಹೆಚ್ಚಿನವ್ರಿಗೆ ಮಾತ್ರೆಯಲ್ಲೇ ಕಮ್ಮಿ ಆಗ್ತದೆ.”

“ಹಂಗಾರೆ ಅದರ, ಉಮಾನ ತಪ್ಪು ಎಂತದೂ ಇಲ್ಲ ಅಂತಾತು. ಆದ್ರೆ ಊರಿಗೆಲ್ಲ ಸಾರೂಕೆ ಹೋಗ್ಬೇಡ ಮಾರಾಯ್ತಿ.”

ನಿಮ್ಮ ಒದ್ದೆ ರವಿಕೆ ನೋಡಿ, ಮದುವೆಗೆ ಮೊದಲೇ ಎಲ್ಲೋ ಹೆತ್ತು ಬಂದವಳು ಎಂದು ಊರಿಗೆಲ್ಲ ಸಾರಿದ್ದು ಯಾರು? ಕೇಳಿಯೇ ಬಿಟ್ಟೆ. ಅಮ್ಮ ಬೆಕ್ಕಿಗೆ ಬೈದಳು. ಅಲ್ಲಿ ಬೆಕ್ಕೇ ಇರಲಿಲ್ಲ. ಅಣ್ಣ ಮೊಬೈಲಿನಿಂದ ಕಣ್ಣು ತೆಗೆಯದೆ, “ಡೈವೋರ್ಸ್ ಆತಲ್ಲ, ಈಗ ಎಂತಕೆ ಅದೆಲ್ಲ?” ಎಂದ. ಇಂಥವರ ಜೊತೆ ಹೇಗೆ ಮಾತಾಡುವುದು ಅತ್ತಿಗೆ!

ನನ್ನ ನಂಬರನ್ನೂ ನೀವು ಬ್ಲಾಕ್ ಮಾಡಿದ್ದೀರಿ. ಅದಕ್ಕೇ ಇವತ್ತು ಧಾರೇಶ್ವರಕ್ಕೆ, ನಿಮ್ಮ ತವರಿಗೇ ಹೋದೆ. ನಿಮ್ಮ ಅಪ್ಪ ಅಂಗಳದಲ್ಲೇ ತಡೆದರು. ನೀವು ಬೇರೆ ಊರಲ್ಲಿದ್ದೀರಂತೆ.

“ಒಂದು ಟೆಸ್ಟ್ ಮಾಡಿಸ್ಲಿಕ್ಕೆ ಹೇಳಿ, ಪ್ಲೀಸ್. ಅತ್ತಿಗೆಗೆ ಯಾವಾಗ್ಲೂ ತಲೆನೋವು ಬೇರೆ ಇತ್ತು,” ಎಂದೆ.

“ನಿಮ್ಮ ಮನೆ ಮಾತು ಇನ್ನು ಅದರ ಕಿವಿಗೆ ಬೀಳೂದು ಬೇಡ,” ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಈ ಎರಡು ದಿನದಲ್ಲಿ ನನಗೆ ಸಿಟ್ಟು ಬರದಿದ್ದದ್ದು ಅವರೊಬ್ಬರ ಮೇಲೆ ಮಾತ್ರ.