ಹಾಜರಿ ಪುಸ್ತಕದ ಸೊನ್ನೆಗಳು

ಕುಷ್ಟಗಿ,
೧೪ ನವೆಂಬರ್ ೨೦೨೪, ಗುರುವಾರ

ನನ್ನ ಪಂಪಾವತಿಗೆ ಅವ್ವನ ಆಶೀರ್ವಾದ.

ಹೇಗಿದ್ದೀಯಾ? ಸೊಂಟದ ನೋವು ಈಗ ಹೇಗಿದೆ? ಹಾಸ್ಟೆಲ್ಲಿನ ಆ ದೊಡ್ಡ ಅನ್ನದ ಪಾತ್ರೆಯನ್ನು ನೀನೊಬ್ಬಳೇ ಇಳಿಸಬೇಡ, ಇನ್ನೊಬ್ಬರನ್ನು ಕರೆದುಕೋ. ವಿಜಯಲಕ್ಷ್ಮಿ ಆರನೆಯ ತರಗತಿಗೆ ಬಂದಳಲ್ಲ, ಚೆನ್ನಾಗಿ ಓದುತ್ತಾಳೆಯೇ? ಅವಳು ಹಲ್ಲು ಬಿದ್ದ ಬಾಯಲ್ಲಿ ನಗುತ್ತಿದ್ದುದೇ ನನ್ನ ಕಣ್ಣಲ್ಲಿದೆ. ಈಗ ನನ್ನ ಭುಜದ ತನಕ ಬೆಳೆದಿರಬೇಕು. ಚಿತ್ರದುರ್ಗದಲ್ಲಿ ಚಳಿ ಶುರುವಾಗಿದ್ದರೆ ಅವಳ ಕಿವಿಗೆ ಏನಾದರೂ ಕಟ್ಟು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ "ಆರಾಮ ಅದೀನಿ" ಎಂದು ಇಟ್ಟುಬಿಡುತ್ತೀ. ಅದಕ್ಕೇ ಕಾಗದ ಬರೆಯಲು ಕುಳಿತೆ. ಏಳನೆಯ ತರಗತಿಯ ತನಕ ಮಾಸ್ತರರು ಕಲಿಸಿದ ಹಾಗೆ ಬರೆಯುತ್ತಿದ್ದೇನೆ, ನಗಬೇಡ. ನಾನು ಮಾತಾಡುವ ಹಾಗೆ ಬರೆದರೆ ನಡುನಡುವೆ ಬೈಗುಳ ಬಂದುಬಿಡುತ್ತದೆ, ಅದು ನಿನಗೂ ಗೊತ್ತು.

ನನಗೆ ಹೆದರಿಕೆಯಾಗಿದೆ ಪಂಪಾ. ಗದ್ದೆಯ ಸಾಹುಕಾರರ ಎದುರು ನಿಂತು ಜಗಳ ಮಾಡಿದವಳು ನಾನು. ಈಗ ಓಣಿಯಲ್ಲಿ ಮೋಟಾರ್ ಸೈಕಲ್ ಸದ್ದಾದರೆ ರೊಟ್ಟಿ ಬಡಿಯುವ ಕೈ ನಿಂತುಬಿಡುತ್ತದೆ. ಎಲ್ಲ ಆಗಿರುವುದು ನನ್ನ ಹಳೆಯ ಹಾಜರಿ ಪುಸ್ತಕದಿಂದ. ನಾಟಿಗೆ ಹೆಂಗಸರನ್ನು ಕಟ್ಟಿಕೊಂಡು ಸಿದ್ದಾಪುರ, ಮರಳಿಯ ಕಡೆ ಹೋಗುತ್ತಿದ್ದಾಗ ಬರೆಯುತ್ತಿದ್ದೆನಲ್ಲ, ಅದೇ ನೀಲಿ ರಟ್ಟಿನದು. ಸಾಹುಕಾರರಿಗೆ ಹನ್ನೆರಡು ಮಂದಿಯ ಸಾಲು ಭರ್ತಿ ಬೇಕಿತ್ತು. ಮುಟ್ಟಾದವಳು ಗದ್ದೆಗೆ ಇಳಿಯುವಂತಿರಲಿಲ್ಲ, ದಂಡೆಯ ಮೇಲೆ ಕುಳಿತು ಸಸಿಯ ಕಟ್ಟು ಕಟ್ಟಬೇಕಿತ್ತು. ಯಾರ ಸರದಿ ಯಾವಾಗ ಬರುತ್ತದೆಂದು ಮೊದಲೇ ತಿಳಿದರೆ ಬೇರೆಯವರನ್ನು ಹೊಂದಿಸಬಹುದೆಂದು, ಕುಳಿತವಳ ಹೆಸರಿನ ಮುಂದೆ ಆ ದಿನಕ್ಕೊಂದು ಸೊನ್ನೆ ಹಾಕುತ್ತಿದ್ದೆ. ಇದನ್ನು ನನಗೆ ಯಾರೂ ಕಲಿಸಿರಲಿಲ್ಲ, ನನ್ನದೇ ಜಾಣತನ.

ಈ ಜೂನ್‌ನಲ್ಲಿ ಗಂಗಾವತಿಯಿಂದ ಮುಬಾಶಿರಾ ಎಂಬ ಹುಡುಗಿ ಬಂದಳು. ಮಹಿಳಾ ಸಂಘಟನೆಯವಳು, ವಕೀಲಿ ಓದಿದ್ದಾಳೆ, ನಮ್ಮ ಮನೆಯ ರೊಟ್ಟಿಯನ್ನು ಖಾರ ಎನ್ನದೆ ತಿನ್ನುತ್ತಾಳೆ. ಯಾರ ಗರ್ಭಚೀಲ ತೆಗೆದಿದ್ದಾರೆ, ಎಷ್ಟನೆಯ ವಯಸ್ಸಿಗೆ ಎಂದು ಮನೆಮನೆಗೆ ಹೋಗಿ ಕೇಳಿದಳು. ನಮ್ಮ ಓಣಿಯಲ್ಲೇ ಹದಿನಾಲ್ಕು ಮಂದಿ ಎದ್ದು ನಿಂತರು, ಹನ್ನೊಂದು ಮಂದಿಗೆ ಆಗ ಮೂವತ್ತೂ ಆಗಿರಲಿಲ್ಲ. ಎಲ್ಲರದೂ ಒಂದೇ ದವಾಖಾನೆ, ಎಲ್ಲರಿಗೂ ಹೇಳಿದ್ದು ಒಂದೇ ಮಾತು, ತೆಗೆಯದಿದ್ದರೆ ಕ್ಯಾನ್ಸರ್ ಆಗುತ್ತದೆ ಎಂದು. ಯಲಬುರ್ಗಾದಲ್ಲಿ ಸಭೆಯಾಯಿತು, ಕೊಪ್ಪಳದಲ್ಲಿ ಡಿಸಿ ಆಫೀಸಿನ ಮುಂದೆ ಎರಡು ದಿನ ಕುಳಿತೆವು. ಇದು ಜಿಲ್ಲೆಯಲ್ಲಿ ಮುಗಿಯುವ ಕೆಲಸವಲ್ಲ, ಇಡೀ ರಾಜ್ಯಕ್ಕೆ ಸರ್ಕಾರದ ಆದೇಶ ಆಗಬೇಕಂತೆ. ನಲವತ್ತರೊಳಗಿನ ಹೆಂಗಸಿನ ಗರ್ಭಚೀಲ ತೆಗೆಯಬೇಕಾದರೆ ಸರ್ಕಾರಿ ಡಾಕ್ಟರೊಬ್ಬರು ಮತ್ತೆ ಪರೀಕ್ಷೆ ಮಾಡಿ ಬರೆದುಕೊಡಬೇಕು, ಅವಳಿಗೆ ಅವಳ ಕಾಗದಗಳನ್ನು ಕೊಡಬೇಕು. ನಾವು ಕೇಳುತ್ತಿರುವುದು ಇಷ್ಟೇ. ಇದನ್ನು ವಿಚಾರಿಸಲು ಸರ್ಕಾರದ ಸಮಿತಿಯೊಂದು ಬೆಂಗಳೂರಿನಲ್ಲಿ ಇದೇ ಇಪ್ಪತ್ತೇಳಕ್ಕೆ ಕೂರುತ್ತದೆ.

ತೊಡಕಾದದ್ದು ಸಾಕ್ಷಿಗೆ. ಎಲ್ಲರಿಗೂ ತಿಂಗಳುಗಟ್ಟಲೆ ರಕ್ತ ಹೋಗುತ್ತಿತ್ತು, ಅದಕ್ಕೇ ತೆಗೆದೆವು ಎಂದು ದವಾಖಾನೆಯವರು ಬರೆದುಕೊಟ್ಟಿದ್ದಾರೆ. ನಮ್ಮ ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಆಗ ಮೆಹಬೂಬಬೀ, ನಮ್ಮ ಸಾಲಿನ ಕೊನೆಗೆ ನಿಂತು ಎಲ್ಲರನ್ನೂ ನಗಿಸುತ್ತಿದ್ದಳಲ್ಲ ಅವಳೇ, "ಹುಲಿಗವ್ವನ ಪುಸ್ತಕ ಐತಲ್ಲ" ಎಂದುಬಿಟ್ಟಳು. ತೆಗೆದು ನೋಡಿದೆವು. ಇಪ್ಪತ್ತಾರು ಹೆಂಗಸರು, ಒಂಬತ್ತು ವರ್ಷ. ನಾಟಿಯಲ್ಲಿ, ಕಳೆಯಲ್ಲಿ, ತಿಂಗಳಿಗೆ ಮೂರೋ ನಾಲ್ಕೋ ಸೊನ್ನೆ, ತಪ್ಪದೆ. ಚೀಲ ತೆಗೆಸಿಕೊಂಡ ದಿನದಿಂದಾಚೆಗೆ ಸೊನ್ನೆಯೇ ಇಲ್ಲ. ಮುಬಾಶಿರಾ ಹಾಳೆ ತಿರುವುತ್ತಾ ಅತ್ತಳು. ರೋಗವಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ ಎಂದಳು. ನಾನು ಅಳಲಿಲ್ಲ, ನನಗೆ ಬೆವರು ಬಂತು.

ಯಾಕೆಂದರೆ ಅದು ನನ್ನ ಮೇಲಿನ ಸಾಕ್ಷಿಯೂ ಹೌದು. ಮೊದಲು ಒಬ್ಬಳು ತೆಗೆಸಿಕೊಂಡು ಬಂದಳು, ದಂಡೆಗೆ ಕೂರುವುದು ತಪ್ಪಿತು. ಛಲೋ ಆಯಿತಲ್ಲ ಎಂದುಕೊಂಡೆ. ಆಮೇಲೆ ಯಾರಿಗೆ ಹೊಟ್ಟೆನೋವು ಎಂದರೂ ನಾನೇ ಟಂಟಂ ಆಟೊ ಮಾಡಿಕೊಂಡು ಅದೇ ದವಾಖಾನೆಗೆ ಒಯ್ದೆ. ಮಕ್ಕಳಾಗಿವೆ, ಇನ್ನು ಆ ಚೀಲ ಯಾಕೆ ಬೇಕು ಎಂದು ನಾನೇ ಬುದ್ಧಿ ಹೇಳಿದೆ. ಹನ್ನೆರಡು ಮಂದಿ ಭರ್ತಿ ಇಳಿಯುವ ಸಾಲು ಹುಲಿಗವ್ವನದೊಂದೇ ಎಂದು ಸಿದ್ದಾಪುರದ ಸಾಹುಕಾರರು ಹೊಗಳುತ್ತಿದ್ದರು, ನಾನು ಉಬ್ಬುತ್ತಿದ್ದೆ. ಮೂವತ್ತೈದಕ್ಕೇ ಮೆಹಬೂಬಬೀ ಈಗ ಗೋಡೆ ಹಿಡಿದು ಏಳುತ್ತಾಳೆ. ಆಕೆ ನನ್ನನ್ನು ಬೈಯುವುದಿಲ್ಲ. "ನೀ ಒಬ್ಬಾಕಿ ಒಯ್ದಿಲ್ಲವ್ವ, ನಾವೂ ಎದ್ದು ಬಂದೀವಿ" ಎನ್ನುತ್ತಾಳೆ. ಬೈದಿದ್ದರೆ ಒಳ್ಳೆಯದಿತ್ತು.

ಕಳೆದ ಸೋಮವಾರ ಮಧ್ಯಾಹ್ನ ದವಾಖಾನೆಯ ಕಡೆಯವರು ಇಬ್ಬರು ಮನೆಗೆ ಬಂದರು. ಜೋರು ಮಾಡಲಿಲ್ಲ. ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದರು, ಎಮ್ಮೆ ಎಷ್ಟು ಹಾಲು ಕೊಡುತ್ತದೆ ಎಂದು ನಿನ್ನ ಅಪ್ಪನನ್ನು ಕೇಳಿದರು. ಏಳುವ ಹೊತ್ತಿಗೆ ಒಬ್ಬನು, "ಹಳೇ ಪುಸ್ತಕ ಇಟಗೊಂಡು ಏನ್ ಮಾಡ್ತೀಯವ್ವ, ಕೊಟ್ಟಬಿಡು. ಮಗಳು ದುರ್ಗದಾಗ ಹಾಸ್ಟೆಲ್‌ನಾಗ ಅದಾಳಲ್ಲ? ಮೊಮ್ಮಗಳು ಸಾಲಿಗೆ ನಡಕೊಂತ ಹೋಗ್ತಾಳಂತ" ಎಂದ. ನೀನು ಎಲ್ಲಿದ್ದೀಯೆಂದು ನಾನು ಯಾರಿಗೂ ಹೇಳಿದವಳಲ್ಲ. ಪುಸ್ತಕವನ್ನು ಇಲಿ ತಿಂದಿದೆ ಎಂದು ಸುಳ್ಳು ಹೇಳಿದೆ. ಅವನು ನಕ್ಕು, ಇನ್ನೊಮ್ಮೆ ಹುಡುಕು, ಬರುತ್ತೇವೆ ಎಂದು ಹೋದ. ವಿಜಯಲಕ್ಷ್ಮಿಯನ್ನು ಒಬ್ಬಳನ್ನೇ ಕಳಿಸಬೇಡ, ನಿನ್ನ ಕಾಲಿಗೆ ಬೀಳುತ್ತೇನೆ. ವಾರ್ಡನ್‌ಗೂ ಒಂದು ಮಾತು ಹೇಳಿಡು.

ಅಂದಿನಿಂದ ನಿನ್ನ ಅಪ್ಪ ದಾಳಿಂಬೆ ತೋಟದ ಕೆಲಸಕ್ಕೆ ಹೋಗಿಲ್ಲ, ಬಾಗಿಲಲ್ಲೇ ಕೂರುತ್ತಾರೆ. ಪುಸ್ತಕವನ್ನು ಒಲೆಗೆ ಹಾಕು ಎನ್ನುತ್ತಾರೆ. ಎಂದೂ ನನಗೆ ಎದುರಾಡದ ಮನುಷ್ಯ. "ಇರೂದು ಒಂದ್ ಮಗಳು, ಒಂದ್ ಮೊಮ್ಮಗಳು. ಸರ್ಕಾರ ನಮಗ ಏನ್ ಕಾಯ್ತೈತಿ?" ಎಂದು ಕೇಳುತ್ತಾರೆ. ಮುಬಾಶಿರಾ ಪೊಲೀಸರಿಗೆ ಅರ್ಜಿ ಕೊಟ್ಟಿದ್ದಾಳೆ, ಹಾಳೆಗಳ ಫೋಟೊ ತೆಗೆದುಕೊಳ್ಳುತ್ತೇನೆ ಎಂದಳು. ತಡೆ ಎಂದಿದ್ದೇನೆ. ಪುಸ್ತಕ ಸದ್ಯ ಜೋಳದ ಚೀಲದ ತಳದಲ್ಲಿದೆ. ದಿನಕ್ಕೆ ಮೂರು ಸಲ ಕೈ ಹಾಕಿ ಮುಟ್ಟಿ ನೋಡುತ್ತೇನೆ.

ತಡೆ ಎಂದದ್ದು ನಿನಗಾಗಿ. ಅದರಲ್ಲಿ ನಿನ್ನ ಹೆಸರೂ ಇದೆಯಲ್ಲ. ಎರಡು ಸಾವಿರದ ಹದಿನೈದರ ಬೇಸಿಗೆ ಭತ್ತ, ನೀನು ಎರಡು ವರ್ಷದ ಕೂಸನ್ನು ಅತ್ತೆಯ ಹತ್ತಿರ ಬಿಟ್ಟು ನನ್ನ ಜೊತೆ ಬಂದಿದ್ದೆ. ಬೆಳಿಗ್ಗೆ ಕಾಲುವೆಯ ದಂಡೆಯಲ್ಲಿ ವಾಂತಿ ಮಾಡುತ್ತಿದ್ದೆ. ಗದ್ದೆಗೆ ಹೊಡೆದ ಔಷಧದ ವಾಸನೆ ಎಂದೆ ನಾನು. ಹೊಟ್ಟೆ ನೋಯುತ್ತದೆ ಎಂದಾಗ ಬೇರೆಲ್ಲಿಗೂ ಅಲ್ಲ, ಅಲ್ಲಿಗೇ ಒಯ್ದೆ. "ಗಡ್ಡಿ ಆಗೈತಿ, ಬಿಟ್ರ ಕ್ಯಾನ್ಸರ್ ಆಗ್ತೈತಿ" ಎಂದರು. ನಿನಗೆ ಇಪ್ಪತ್ಮೂರು. ಸಹಿ ಹಾಕಿದ್ದು ನಾನು. ಗಂಡುಮಗು ಆಗುವುದಿಲ್ಲವೆಂದು ನಿನ್ನ ಗಂಡ ಇನ್ನೊಬ್ಬಳನ್ನು ತಂದ ಮೇಲೆ, ಗಂಟು ಕಟ್ಟಿಕೊಂಡು ಹೊರಟವಳು ನಮ್ಮ ಮನೆಯ ಹೊಸ್ತಿಲಲ್ಲಿ ನಿಂತು ಒಂದೇ ಮಾತು ಹೇಳಿದೆ. "ನಿನ್ನ ಸಾಲು ಭರ್ತಿ ಆತಲ್ಲವ್ವ, ಸಾಕು." ಆಗ ನನಗೆ ಸಿಟ್ಟು ಬಂದಿತ್ತು. ಹೆತ್ತ ತಾಯಿಗೆ ಹೀಗನ್ನುತ್ತಾಳಲ್ಲ ಎಂದು ಓಣಿಯೆಲ್ಲ ಹೇಳಿಕೊಂಡು ತಿರುಗಿದೆ. ತಪ್ಪಾಯಿತು ಪಂಪಾ. ಇದನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಬೆಂಗಳೂರಿನಲ್ಲಿ ಆ ಅಧಿಕಾರಿಗಳ ಮುಂದೆ ನಾನೇ ನಿಂತು ಮಾತಾಡಬೇಕಂತೆ. ಹೊಸಪೇಟೆ ದಾಟಿ ಹೋದವಳಲ್ಲ ನಾನು. ಯಾರು ಒಯ್ದರು ಎಂದು ಅವರು ಕೇಳಿದರೆ ನಾಲಿಗೆ ಹೊರಳುತ್ತದೋ ಇಲ್ಲವೋ. ಆದರೂ ಹೋಗಬೇಕೆಂದಿದೆ. ವಿಜಯಲಕ್ಷ್ಮಿ ಇನ್ನೊಂದೆರಡು ವರ್ಷದಲ್ಲಿ ದೊಡ್ಡವಳಾಗುತ್ತಾಳೆ. ಅವಳಿಗೂ ಎಂದಾದರೂ ಹೊಟ್ಟೆ ನೋಯುತ್ತದೆ, ನನ್ನಂಥವಳೇ ಯಾರೋ ಕೈ ಹಿಡಿದು ಒಯ್ಯುತ್ತಾಳೆ. ಆಗ ಅಡ್ಡ ನಿಲ್ಲುವುದಕ್ಕೆ ಒಂದು ಆದೇಶವಾದರೂ ಇರಲಿ.

ನಿನಗೂ ಕೂಸಿಗೂ ಹುಲಿಗೆಮ್ಮ ಕಣ್ಣಿಟ್ಟು ಕಾಯಲಿ. ನಿನ್ನ ಅಪ್ಪ ನೆನೆಸಿಕೊಂಡಿದ್ದಾರೆ, ಮೆಹಬೂಬಬೀ ಸಲಾಮು ಹೇಳಿದ್ದಾಳೆ.

ನಿನ್ನ ಅವ್ವ,
ಹುಲಿಗವ್ವ

ತಾ.ಕ.: ಅಂಚೆ ಕಚೇರಿಯಲ್ಲಿ ನಿಂತು ಬರೆಯುತ್ತಿದ್ದೇನೆ, ಅಕ್ಷರ ಓರೆಯಾದರೆ ಹೊಂದಿಸಿಕೊಂಡು ಓದು. ಮುಖ್ಯವಾದದ್ದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಿನ್ನ ಹಾಳೆಯನ್ನು ನಾನು ಯಾರಿಗೂ ತೋರಿಸಿಲ್ಲ. ಆ ವರ್ಷ ಜನವರಿಯಲ್ಲಿ ನಿನ್ನ ಹೆಸರಿನ ಮುಂದೆ ಒಂದೂ ಸೊನ್ನೆ ಇಲ್ಲ. ಫೆಬ್ರುವರಿಯಲ್ಲೂ ಇಲ್ಲ. ಆಪರೇಷನ್ ಆದದ್ದು ಮಾರ್ಚ್ ಒಂಬತ್ತಕ್ಕೆ. ಎರಡು ತಿಂಗಳು ಒಂದು ದಿನವೂ ದಂಡೆಗೆ ಕೂರಲಿಲ್ಲ, ನನ್ನ ಮಗಳು ಗಟ್ಟಿಗಿತ್ತಿ ಎಂದು ಆಗ ಹೆಮ್ಮೆಪಟ್ಟಿದ್ದೆ. ಆ ವಾಂತಿ ಔಷಧದ ವಾಸನೆಯದಲ್ಲ. ನಿನ್ನ ಹೊಟ್ಟೆಯಲ್ಲಿ ಕೂಸಿತ್ತು. ಸೊನ್ನೆ ಹಾಕುವವಳು ನಾನು, ನನಗೇ ತಿಳಿಯಲಿಲ್ಲ. ನಿನಗೆ ಗೊತ್ತಿತ್ತೇ? ಗೊತ್ತಾಗಿಯೇ ನನ್ನೊಡನೆ ಮಾತು ಬಿಟ್ಟೆಯಾ? ಬೇಡ ಎಂದರೆ ಆ ಹಾಳೆಯೊಂದನ್ನು ಹರಿದು ಉಳಿದದ್ದನ್ನು ಕೊಡುತ್ತೇನೆ. ಕೊಡು ಎಂದರೆ ಅದನ್ನೇ ಮೊದಲು ತೆರೆದು, ಒಯ್ದದ್ದು ನಾನೇ ಎಂದು ಹೇಳುತ್ತೇನೆ. ಬಸ್ಸು ಇಪ್ಪತ್ತಾರನೆಯ ತಾರೀಖು ಮಂಗಳವಾರ ಬೆಳಿಗ್ಗೆ ಏಳಕ್ಕೆ. ಅದಕ್ಕೂ ಮುಂಚೆ ಫೋನ್ ಮಾಡುತ್ತೇನೆ, ಈ ಸಲ ಎತ್ತು.